ಅಲೆಗೆ ಬಿಟ್ಟ ಮೊದಲ ಹಿಡಿ

ಮೆಕ್ಸಿಕೋ ದೇಶದ ಪಡುವಣ ಕಡಲಂಚಿನಲ್ಲಿ ಪೋಸಾ ವೆರ್ದೆ ಎಂಬ ಬೆಸ್ತರ ಊರು. ಹಿಂದೆ ಸ್ಪೇನಿನವರ ಹಡಗುಗಳು ಉಪ್ಪು ತುಂಬಿಕೊಳ್ಳಲು ಬರುತ್ತಿದ್ದ ಬಂದರು ಅದು. ಒಡೆದುಹೋದ ಅಂಥದೊಂದು ಹಡಗಿನ ಗಂಟೆಯೇ ಅಲ್ಲಿನ ಇಗರ್ಜಿಯಲ್ಲಿ ತೂಗುತ್ತಿತ್ತು. ಇಗರ್ಜಿಯ ಹಿಂದಿನ ಚಪ್ಪರದಲ್ಲಿ ಪೂಜ್ಯ ಬೆನಿಗ್ನೋ ಸ್ವಾಮಿಗಳು ಮೂವತ್ತು ವರ್ಷ ವಾಸವಾಗಿದ್ದರು. ಪ್ರಾರ್ಥನೆ ಮುಗಿಸಿ ಬೆಸ್ತರ ಹರಿದ ಬಲೆ ಹೆಣೆಯಲು ಕೂರುವರು. ಅವರು ಹಾಕಿದ ಗಂಟು ನಿಲ್ಲುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು; ಅವರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ನವೆಂಬರ್ ಮೊದಲಲ್ಲಿ ಆ ಸೀಮೆಯಲ್ಲಿ ಸತ್ತವರ ಹಬ್ಬ. ನಮ್ಮ ಪಿತೃಪಕ್ಷದ ಹಾಗೆಯೇ ಅಲ್ಲಿಯೂ ಅಗಲಿದವರಿಗೆ ಮೆಚ್ಚಿನ ಅಡುಗೆ ಮಾಡಿ ಎಡೆ ಇಡುತ್ತಾರೆ. ಬರುವವರಿಗೆ ದಾರಿ ತಪ್ಪಬಾರದೆಂದು ಸ್ಮಶಾನದ ಬಾಗಿಲಿನಿಂದ ಮನೆಯವರೆಗೆ ಚೆಂಡುಹೂವಿನ ಎಸಳು ಉದುರಿಸುತ್ತಾರೆ.

ಒಂದು ವರ್ಷ ಹಬ್ಬದ ಮಧ್ಯಾಹ್ನ ಎಲ್ಪೀದಿಯಾ ಎಂಬ ವಿಧವೆ ಚಪ್ಪರಕ್ಕೆ ಬಂದಳು. ನಾಲ್ಕು ವರ್ಷದ ಹಿಂದೆ ಅವಳ ಗಂಡ ಹಸಿಂತೊ ಜಗಳವಾಡಿ, ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಕಡಲಿಗೆ ಹೋಗಿದ್ದ. ದೋಣಿಯೂ ಬರಲಿಲ್ಲ, ದೇಹವೂ ಸಿಗಲಿಲ್ಲ.

"ಇನ್ಮೇಲೆ ಎಡೆ ಇಡೋದಿಲ್ಲ ಸ್ವಾಮಿ. ಮೂರು ವರ್ಷ ಅವರಿಗಿಷ್ಟ ಅಂತ ಸಿಗಡಿ ಕಡುಬು ಮಾಡಿಟ್ಟೆ. ಒಂದು ಸಲಾನೂ ಬಂದ ಹಾಗೆ ಅನಿಸಲಿಲ್ಲ. ಅವರ ಸಿಟ್ಟು ಇಳಿದಿಲ್ಲ. ಇಲ್ಲಾಂದ್ರೆ ಇದೆಲ್ಲ ಸುಳ್ಳು."

ಸ್ವಾಮಿಗಳು ಬಲೆ ಬದಿಗಿಟ್ಟರು. "ಹೂವಿನ ದಾರಿ ಎಲ್ಲಿಂದ ಹಾಕಿದೆ, ಮಗಳೇ?"

"ಎಲ್ಲರ ಹಾಗೆ, ಸ್ಮಶಾನದಿಂದ."

"ಹಸಿಂತೊ ಅಲ್ಲಿದ್ದಾನಾ?"

ಎಲ್ಪೀದಿಯಾ ಕಡಲಿನತ್ತ ತಿರುಗಿ ನೋಡಿದಳು. ಕಡಲನ್ನೇ ನಂಬಿ ಬದುಕಿದ ಊರು, ಕಡಲಿಗೆ ಎಷ್ಟೋ ಗಂಡಸರನ್ನು ಕೊಟ್ಟ ಊರು. ಆದರೂ ಈ ಮಾತು ಅಲ್ಲಿಯವರೆಗೆ ಒಬ್ಬರಿಗೂ ಹೊಳೆದಿರಲಿಲ್ಲ.

ಇಗರ್ಜಿಯ ಹಬ್ಬಕ್ಕೆಂದು ಚಪ್ಪರದಲ್ಲಿ ಇಟ್ಟಿದ್ದ ಚೆಂಡುಹೂವಿನ ಬುಟ್ಟಿ ಎತ್ತಿಕೊಂಡು ಸ್ವಾಮಿಗಳು ಅವಳೊಡನೆ ಬರಿಗಾಲಲ್ಲಿ ದಡಕ್ಕೆ ಇಳಿದರು. ನೀರಿನಂಚಿನಲ್ಲಿ ಅವಳು ಮೊದಲ ಹಿಡಿ ಉದುರಿಸಿದಳು. ಅಲೆ ಬಂದು ಅಷ್ಟನ್ನೂ ಎಳೆದುಕೊಂಡು ಹೋಯಿತು.

"ನೋಡಿದ್ರಾ ಸ್ವಾಮಿ, ಇದೂ ಬೇಡವಂತೆ," ಎಂದು ಅವಳು ಅತ್ತೇಬಿಟ್ಟಳು.

"ಅದು ಅವನನ್ನ ಕರೆಯೋಕೆ ಹೋಯ್ತು. ನೀನು ಮುಂದಿನದು ಹಾಕು."

ಅವಳು ಹಾಕುತ್ತ ನಡೆದಳು. ಬಾಗಿದ ಬೆನ್ನಿನ ಸ್ವಾಮಿಗಳು ಅವಳ ಮನೆಯ ಹೊಸ್ತಿಲವರೆಗೂ ಬುಟ್ಟಿ ಹೊತ್ತು ಬಂದರು. ಅವಳು ಒಳಗೆ ಹೋಗಿ ಒಲೆ ಹಚ್ಚಿ, ಈ ವರ್ಷವೂ ಸಿಗಡಿ ಕಡುಬು ಮಾಡಿ ಎಡೆ ಇಟ್ಟಳು.

ಆ ಸಂಜೆ ಹಸಿಂತೊ ಬಂದನೇ ಎಂದು ಹೇಳಲು ನಾನ್ಯಾರು? ಪ್ರತಿ ವರ್ಷ ಎಡೆಯ ಕಡುಬನ್ನು ಬಾಯಿಗಿಡಲಾರದೆ ಹಕ್ಕಿಗಳಿಗೆ ಎಸೆಯುತ್ತಿದ್ದವಳು ಮರುದಿನ ಬೆಳಿಗ್ಗೆ ಕೂತು ತಿಂದಳು. ಉಳಿದದ್ದನ್ನು ಸ್ವಾಮಿಗಳಿಗೆ ತಂದಳು.

"ಕಡುಬಿಗೆ ಉಪ್ಪು ಜಾಸ್ತಿ ಅಂತಲೇ ಅವರು ಅವತ್ತು ಜಗಳ ತೆಗೆದಿದ್ದು. ಈಗ ತಿಂದು ನೋಡಿದೆ ಸ್ವಾಮಿ. ನನ್ನ ಕೈ ಉಪ್ಪೇ ಜಾಸ್ತಿ," ಎಂದು ನಕ್ಕಳು. ನಾಲ್ಕು ವರ್ಷದಲ್ಲಿ ಅವಳು ನಕ್ಕಿದ್ದು ಅಂದೇ. ಸ್ವಾಮಿಗಳು ಎರಡು ಕಡುಬು ತಿಂದು ಒಂದು ಚೊಂಬು ನೀರು ಕುಡಿದರು.

ಅಂದಿನಿಂದ ಆ ಊರಿನಲ್ಲಿ ಕಡಲು ಸೇರಿದವರಿಗೆ ದಾರಿ ನೀರಿನಂಚಿನಿಂದಲೇ. ಮೊದಲ ಹಿಡಿ ಅಲೆಗೆ. ಹೊಸದಾಗಿ ಗಂಡನನ್ನು ಕಳೆದುಕೊಂಡವಳು ದಡಕ್ಕೆ ಬಂದರೆ, ಅವಳ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಲ್ಲುತ್ತಿದ್ದವಳು ಎಲ್ಪೀದಿಯಾ.