ಕೆಂಪು ಚುಕ್ಕಿಯ ಧೂಳು

“ಗುರುಗಳೇ, ನಕ್ಷತ್ರವನ್ನು ಅರಿಯಬೇಕಾದವನಿಗೆ ಅದರ ಸುತ್ತಲಿನ ಧೂಳಿನ ಗೊಡವೆ ಯಾಕೆ?” ಎಂದು ಕೇತಯ್ಯ ಕೇಳಿದ.

ಕೇಳಿದವನ ಒಂದು ಕೈಯಲ್ಲಿ ಒದ್ದೆ ಬಟ್ಟೆ ಇತ್ತು, ಇನ್ನೊಂದು ಕೈಯಲ್ಲಿ ಮಠದ ಹಳೆಯ ಹಲಗೆ. ಹಲಗೆಯ ನಡುವೆ ಅರಗಿನಲ್ಲಿ ಬರೆದ ಒಂದು ಕೆಂಪು ಚುಕ್ಕಿ. ಗುರುಗಳ ಗುರುಗಳು ನಲವತ್ತು ವರ್ಷ ದುರ್ಬೀನಿಗೆ ಕಣ್ಣಿಟ್ಟು, ಆ ಕೆಂಪು ನಕ್ಷತ್ರದ ಧೂಳು ಎಲ್ಲಿಯವರೆಗೆ ಹಬ್ಬಿದೆ ಎಂದು ವರ್ಷಕ್ಕೊಂದು ಗೆರೆಯಂತೆ ದೀಪದ ಮಸಿಯಲ್ಲಿ ಗುರುತು ಮಾಡಿದ್ದರು. ಆ ಮಸಿ ಅಂದ ಕೆಡಿಸುತ್ತದೆ ಎಂದು ಕೇತಯ್ಯ ಬೆಳಿಗ್ಗೆ ಕೂತು ಎಲ್ಲವನ್ನೂ ಒರೆಸಿದ್ದ. ಈಗ ಚುಕ್ಕಿ ಥಳಥಳ ಹೊಳೆಯುತ್ತಿತ್ತು. ಗುರುಗಳು ಮೆಚ್ಚುತ್ತಾರೆ ಎಂದುಕೊಂಡಿದ್ದ.

ಗುರುಗಳು ಹಲಗೆಯನ್ನು ನೋಡಿದರು. ಸಿಟ್ಟಿನಿಂದ ಅದನ್ನು ಕಿತ್ತುಕೊಂಡರು.

“ಹುಟ್ಟುವ ನಕ್ಷತ್ರಕ್ಕೂ ಧೂಳಿದೆ, ಮುದಿ ನಕ್ಷತ್ರಕ್ಕೂ ಧೂಳಿದೆ” ಎಂದರು. “ಒಂದು ಧೂಳನ್ನು ಒಳಗೆಳೆದುಕೊಂಡು ಮೈ ಕಟ್ಟಿಕೊಳ್ಳುತ್ತದೆ. ಇನ್ನೊಂದು ತನ್ನ ಮೈಯನ್ನೇ ಧೂಳು ಮಾಡಿ ಹೊರಗೆ ತೂರುತ್ತದೆ. ಒಂದು ದಿನ ಇಣುಕಿ ನೋಡಿದವನಿಗೆ ಅದೂ ಇದೂ ಒಂದೇ. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂದು ನೋಡುತ್ತ ಬಂದವನಿಗೆ ಮಾತ್ರ ನಕ್ಷತ್ರದ ವಯಸ್ಸು ತಿಳಿಯುತ್ತದೆ. ಹೀಗೆ ಹೇಳಿದರೆ ನಿನ್ನ ತಲೆಗೆ ಹೋಗುವುದಿಲ್ಲ. ಕೂತುಕೋ, ಕತೆ ಹೇಳುತ್ತೇನೆ. ಆ ಬಟ್ಟೆ ಕೈಯಲ್ಲೇ ಇರಲಿ.”

ಒಬ್ಬ ಶಿಲ್ಪಿ ಇದ್ದ. ಮಹಾ ಮುಂಗೋಪಿ. ಉಳಿ ಹಿಡಿದಾಗ ಮಾತ್ರ ತಣ್ಣಗಿರುತ್ತಿದ್ದ. ಅರಮನೆಯವರು ಕೊಟ್ಟ ಕಲ್ಲಿನಲ್ಲಿ ಮೂರು ವರ್ಷ ಕೂತು ಮೂರು ಮೊಳದ ಒಂದು ಮೂರ್ತಿ ಕಡೆದ. ಮದುವೆ ಮುಂಜಿಗೆ ಹೋಗಲಿಲ್ಲ, ಜ್ವರ ಬಂದರೂ ಏಳಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ, ಪೀಠದ ಮೇಲೆ ತನ್ನ ಹೆಸರು.

ಆ ಸೀಮೆಯ ಶಿಲ್ಪಿಗಳಲ್ಲಿ ಒಂದು ಕಟ್ಟಳೆ ಇತ್ತು. ಮೂರ್ತಿಗೆ ಕಣ್ಣು ಬಿಡಿಸುವವರೆಗೆ ಅದರ ಬುಡಕ್ಕೆ ಪೊರಕೆ ಮುಟ್ಟಿಸಬಾರದು. ಬಂಡೆ ಒಡೆದಾಗ ಬಿದ್ದ ಚಕ್ಕೆ ಅಡಿಯಲ್ಲಿ, ಕೈಕಾಲು ಬಿಡಿಸುವಾಗ ಉದುರಿದ ಮರಳು ಅದರ ಮೇಲೆ, ಉಜ್ಜಿ ನುಣುಪು ಮಾಡುವಾಗ ಬಿದ್ದ ಹಿಟ್ಟಿನಂಥ ಧೂಳು ಎಲ್ಲಕ್ಕಿಂತ ಮೇಲೆ. ಕೆಲಸ ಎಲ್ಲಿಗೆ ಬಂತು ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಬಗ್ಗಿ ನೆಲ ನೋಡುತ್ತಿದ್ದರು.

ಪಕ್ಕದ ಚಪ್ಪರದಲ್ಲಿ ಇನ್ನೊಬ್ಬ ಶಿಲ್ಪಿ. ಅವನಿಗೂ ಅಂಥದೇ ಕಲ್ಲು ಕೊಟ್ಟಿದ್ದರು. ಆ ಮೈಗಳ್ಳ ಮೊದಲ ವರ್ಷವೇ ಅದನ್ನು ಸೀಳಿ ಹಾಳುಮಾಡಿ, ತುಂಡುಗಳನ್ನು ಪಾಳುಬಾವಿಗೆ ತಳ್ಳಿ, ಮಿಕ್ಕ ಎರಡು ವರ್ಷ ಉಂಡು ಮಲಗಿದ್ದ.

ಕಣ್ಣು ಬಿಡಿಸುವುದೊಂದು ಉಳಿದಿತ್ತು. ಅರಮನೆಯ ಅಧಿಕಾರಿ ಮರುದಿನ ಕೆಲಸ ನೋಡಲು ಬರುವವನಿದ್ದ. ಆಗ ಈ ಮೈಗಳ್ಳ ಹಲ್ಲು ಕಿರಿಯುತ್ತ ಬಂದ. “ಅಣ್ಣಾ, ದೊಡ್ಡವರು ಬರುವ ಜಾಗವೇ ಇದು? ಮೊಳಕಾಲುದ್ದ ಕಸ! ನೀನು ಹೋಗಿ ತಲೆಗೆ ನೀರು ಹಾಕಿಕೊಂಡು ಬಾ, ನಾನು ಗುಡಿಸಿಕೊಡುತ್ತೇನೆ” ಎಂದ.

ಶಿಲ್ಪಿಗೆ ನಾಚಿಕೆಯಾಯಿತು. ಆಗಲಿ ಎಂದುಬಿಟ್ಟ. ಅಯ್ಯೋ ಮಂಕೇ! ಮೂರು ವರ್ಷ ಕಾದವನು ಇನ್ನೊಂದು ದಿನ ಕಾಯಲಾರದೆ ಹೋದ.

ಮರುದಿನ ಅಧಿಕಾರಿ ಬಂದ. ಪಕ್ಕದವನು ಅವನ ಕಾಲಿಗೆ ಬಿದ್ದು ಗೋಳೋ ಎಂದು ಅತ್ತ. ಆ ಮೂರ್ತಿ ತನ್ನದು, ಶಿಲ್ಪಿ ಅವನ ಪಾಲಿನ ಕಲ್ಲನ್ನು ಸೀಳಿ ಹಾಳುಮಾಡಿಕೊಂಡು, ತಾನು ಊರಲ್ಲಿಲ್ಲದಾಗ ಇದನ್ನು ಗಾಡಿಯಲ್ಲಿ ಹೇರಿಸಿಕೊಂಡು ಹೋದ ಎಂದ. ಅಧಿಕಾರಿ ಕಟ್ಟಳೆ ಬಲ್ಲವನು. ಮೂರ್ತಿಯ ಮುಖ ನೋಡಲಿಲ್ಲ, ನೆಲ ನೋಡಿದ. ಶಿಲ್ಪಿಯ ನೆಲ ಸಾರಿಸಿದ ಅಂಗಳದಂತಿತ್ತು. ಪಕ್ಕದವನ ಚಪ್ಪರದಲ್ಲಿ ಅದೇ ಕಲ್ಲಿನ ಚಕ್ಕೆ ಮೊಳಕಾಲುದ್ದ ಬಿದ್ದಿತ್ತು.

“ಮೂರು ವರ್ಷ ಕಡೆದವನ ಕಾಲಡಿ ಒಂದು ಚಿಟಿಕೆ ಧೂಳಿಲ್ಲವೇ?” ಎಂದ ಅಧಿಕಾರಿ. “ಇವನ ಉಳಿ ಕಸಿದುಕೊಳ್ಳಿ. ಪೀಠದ ಮೇಲೆ ಅವನ ಹೆಸರು ಬರೆಯಿರಿ.”

ಶಿಲ್ಪಿಯ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದ. ತನ್ನನ್ನೂ ಬೈದುಕೊಂಡ, ತನ್ನ ನಾಚಿಕೆಗಿಷ್ಟು ಬೆಂಕಿ ಬೀಳಲಿ ಎಂದ. ಹಿಡಿದ ಆಳುಗಳನ್ನು ಕೊಡವಿಕೊಂಡು ಪಕ್ಕದ ಚಪ್ಪರಕ್ಕೆ ನುಗ್ಗಿದ. ಆ ಸುಳ್ಳನ ಮುಖಕ್ಕೆ ಒಂದು ಹಿಡಿ ಮಣ್ಣಾದರೂ ಎರಚಿಯೇ ಸಾಯುತ್ತೇನೆ ಎಂದು ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿದ.

ಕೈ ಹೊರಗೆ ಬಂತು. ಹಿಡಿಯಲ್ಲಿದ್ದದ್ದು ಚಕ್ಕೆಯಲ್ಲ, ಹಿಟ್ಟಿನಂಥ ಬಿಳಿಯ ಧೂಳು.

ಎತ್ತಿದ ಕೈ ಅಲ್ಲೇ ನಿಂತಿತು. ಶಿಲ್ಪಿ ಅಧಿಕಾರಿಯ ಕಡೆ ತಿರುಗಿದ. “ಸ್ವಾಮಿ, ಈ ಮಹಾನುಭಾವನನ್ನು ಒಂದು ಮಾತು ಕೇಳಿ. ಇವನು ಮೊದಲು ಮೂರ್ತಿಯನ್ನು ಉಜ್ಜಿ, ಆಮೇಲೆ ಬಂಡೆ ಒಡೆದನೋ?”

ಅಧಿಕಾರಿ ಗುದ್ದಲಿ ತರಿಸಿ ರಾಶಿಯನ್ನು ನಡುವೆ ಕಡಿಸಿದ. ಅಡಿಯಲ್ಲಿ ಹಿಟ್ಟು, ಅದರ ಮೇಲೆ ಮರಳು, ತುದಿಯಲ್ಲಿ ಚಕ್ಕೆ. ಶಿಲ್ಪಿಯ ನೆಲ ಗುಡಿಸುವಾಗ ಮೇಲಿನದು ಮೊದಲು ಬುಟ್ಟಿಗೆ ಬಂದಿತ್ತು, ಮೊದಲು ಬಂದದ್ದು ಇಲ್ಲಿ ಅಡಿಗೆ ಬಿದ್ದಿತ್ತು. ಎರಡು ವರ್ಷ ಉಳಿ ಮುಟ್ಟದ ಸೋಮಾರಿಗೆ ಅಷ್ಟೂ ಹೊಳೆದಿರಲಿಲ್ಲ. ಅವನು ತಲೆ ತಗ್ಗಿಸಿದ. ಪೀಠದ ಮೇಲೆ ಶಿಲ್ಪಿಯ ಹೆಸರು ಬಂತು. ಆದರೆ ಅವನ ಸಿಟ್ಟು ಮಾತ್ರ ಇಳಿಯಲಿಲ್ಲ. ಸಾಯುವವರೆಗೆ ಪೊರಕೆ ಕಂಡರೆ ಕಿಡಿಕಿಡಿಯಾಗುತ್ತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿದರು. ಕೇತಯ್ಯ ನೆಮ್ಮದಿಯಿಂದ ಉಸಿರುಬಿಟ್ಟ. “ಸದ್ಯ! ಧೂಳು ಉಳಿದಿತ್ತಲ್ಲ ಗುರುಗಳೇ, ಬಡಪಾಯಿ ಬದುಕಿಕೊಂಡ” ಎಂದು ನಕ್ಕ.

ಗುರುಗಳು ಅವನ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದರು. ಅದು ಒಣಗಿತ್ತು, ನಲವತ್ತು ವರ್ಷಗಳ ಮಸಿ ಅದರಲ್ಲಿ ಒಂದೇ ಕಲೆಯಾಗಿ ಕೂತಿತ್ತು. ಕೇತಯ್ಯನೂ ನೋಡಿದ. ಅವನ ನಗು ಅಲ್ಲೇ ನಿಂತಿತು.

“ಆ ಕಳ್ಳನಾದರೂ ಧೂಳನ್ನು ಇಟ್ಟುಕೊಂಡಿದ್ದನಲ್ಲೋ, ಕೇತಯ್ಯ” ಎಂದರು ಗುರುಗಳು.