ಇರಲಾ, ಬರಲಾ?

ಶಿಷ್ಯ ಪರ್ವತಯ್ಯ ಕೇಳಿದ: “ಗುರುಗಳೇ, ತಮ್ಮ ಪ್ರವಚನಗಳನ್ನು ಲ್ಯಾಪ್‌ಟಾಪಿನಲ್ಲಿ ಬರೆದಿಡುವಾಗ ನಾನು ಪರದೆಯನ್ನು ಎರಡು ಭಾಗ ಮಾಡಿಕೊಳ್ಳುತ್ತೇನೆ. ಒಂದರಲ್ಲಿ ಒಂದು ಕೆಲಸ, ಇನ್ನೊಂದರಲ್ಲಿ ಇನ್ನೊಂದು. ಯಾವುದೂ ಕೆಡುವುದಿಲ್ಲ. ಮನಸ್ಸನ್ನೂ ಹೀಗೆಯೇ ಎರಡು ಪಾಲು ಮಾಡಿ ಇಟ್ಟುಕೊಂಡರೆ ತಪ್ಪೇನು?”

ಗುರುಗಳು ತಪ್ಪು ಎನ್ನಲಿಲ್ಲ. ಸರಿ ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಕಡಲತೀರದ ಒಂದು ಊರಿನಲ್ಲಿ ಕುಮುದಾ ಎಂಬ ಅನುವಾದಕಿ ಇದ್ದಳು. ಬೇರೆ ಭಾಷೆಗಳಲ್ಲಿ ಬಂದ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ಅವಳ ಕೆಲಸ. ಮನೆಯಲ್ಲೇ ಕುಳಿತು ಮಾಡುತ್ತಿದ್ದಳು. ಒಂದು ಮಾತಿಗೆ ಸರಿಯಾದ ಮಾತು ಸಿಗುವವರೆಗೆ ಅವಳಿಗೆ ಊಟವೂ ರುಚಿಸುತ್ತಿರಲಿಲ್ಲ. ಅವಳ ಗಂಡ ವಿಠೋಬ ಕಟ್ಟಡಗಳ ನಕ್ಷೆ ಬರೆಯುವವನು. ಮದುವೆಯಾದ ಮರುವರ್ಷ ಅವನಿಗೆ ಕಡಲಾಚೆಯ ದೇಶದಲ್ಲಿ ಕೆಲಸ ಸಿಕ್ಕಿತು. ಹೆಂಡತಿಯನ್ನು ಕರೆದೊಯ್ಯಲು ಆ ಕೆಲಸದಲ್ಲಿ ಅನುಮತಿ ಇರಲಿಲ್ಲ. “ಈ ಒಂದು ಕರಾರು ಮುಗಿಯಲಿ, ಬಂದುಬಿಡುತ್ತೇನೆ” ಎಂದು ಹೇಳಿ ಅವನು ಹೊರಟ.

ಸಂಜೆ ಇಬ್ಬರೂ ಲ್ಯಾಪ್‌ಟಾಪ್ ತೆರೆದು ಮುಖ ನೋಡಿಕೊಂಡು ಮಾತಾಡುತ್ತಿದ್ದರು. ಮೊದಲ ದಿನಗಳಲ್ಲಿ ಮಾತು ಬೇಗ ಮುಗಿಯುತ್ತಿತ್ತು. ಏನು ಊಟ, ಅಲ್ಲಿ ಸೆಖೆ ಹೇಗಿದೆ, ಅಷ್ಟೇ. ಮಾತು ಮುಗಿದ ಮೇಲೆ ಕರೆ ನಿಲ್ಲಿಸಲು ಇಬ್ಬರಿಗೂ ಮನಸ್ಸು ಬರುತ್ತಿರಲಿಲ್ಲ. ಸುಮ್ಮನೆ ಕುಳಿತಿರಲು ನಾಚಿಕೆ. ಒಂದು ಸಂಜೆ ಅವನೇ ಉಪಾಯ ಹೇಳಿದ.

“ಕರೆ ಹಾಗೇ ಇರಲಿ. ಪರದೆಯನ್ನು ಎರಡು ಭಾಗ ಮಾಡು. ಒಂದರಲ್ಲಿ ನಾನಿರುತ್ತೇನೆ, ಇನ್ನೊಂದರಲ್ಲಿ ನಿನ್ನ ಕೆಲಸ. ನಾನೂ ಹಾಗೇ ಮಾಡುತ್ತೇನೆ. ಒಂದೇ ಕೋಣೆಯಲ್ಲಿ ಕುಳಿತ ಹಾಗಿರುತ್ತದೆ.”

ಅವಳು ಹಾಗೇ ಮಾಡಿದಳು. ಎಡಗಡೆ ಕೈಪಿಡಿ, ಬಲಗಡೆ ಗಂಡ. ನಿಜಕ್ಕೂ ಒಂದೇ ಕೋಣೆಯಲ್ಲಿ ಕುಳಿತ ಹಾಗಾಯಿತು. ಅವನು ಕೆಮ್ಮಿದರೆ ಕೇಳುತ್ತಿತ್ತು. ನಕ್ಷೆಯ ಮೇಲೆ ಬಾಗಿ ತುಟಿ ಕಚ್ಚಿಕೊಳ್ಳುವುದು ಕಾಣುತ್ತಿತ್ತು. ಆ ತಿಂಗಳುಗಳಲ್ಲಿ ಅವಳ ಕೆಲಸ ಹಿಂದೆ ಬಿತ್ತು. ಕೈ ಎಡಗಡೆಯ ಕೆಲಸದಲ್ಲಿದ್ದರೂ ಕಣ್ಣು ಬಲಗಡೆಗೇ ಹೋಗುತ್ತಿತ್ತು. ಅವನ ಕೆನ್ನೆ ಇಳಿದಿದೆಯೇ, ಕೂದಲು ಕತ್ತರಿಸಿಕೊಂಡನೇ, ಅಂಗಿ ಹೊಸದೇ, ಹೀಗೆ ನೋಡಿದಷ್ಟೂ ಸಾಲದು. ನೋಡುತ್ತೇನೆಂದು ಅವನಿಗೆ ಹೇಳಲಿಲ್ಲ. ಹೇಳುವುದೇನಿದೆ, ಕಾಣುತ್ತದೆಯಲ್ಲ ಎಂದುಕೊಂಡಳು.

ವರ್ಷ ಕಳೆಯಿತು. ಅವಳ ಕೆಲಸಕ್ಕೆ ಒಳ್ಳೆಯ ಹೆಸರು ಬಂತು, ಕೈಪಿಡಿಗಳು ಹೆಚ್ಚಾದವು. ಎರಡು ಭಾಗಗಳ ನಡುವೆ ಒಂದು ಗೆರೆ ಇರುತ್ತದೆ, ನಿನಗೆ ಗೊತ್ತು. ಆ ಗೆರೆಯನ್ನು ಆಚೀಚೆ ಎಳೆಯಬಹುದು. ಸಾಲುಗಳು ಇಕ್ಕಟ್ಟಾದಾಗ ಅವಳು ಗೆರೆಯನ್ನು ಸ್ವಲ್ಪ ಬಲಕ್ಕೆ ಎಳೆದಳು. ಇನ್ನೊಂದು ದಿನ ಮತ್ತೆ ಸ್ವಲ್ಪ. ಗಂಡನ ಭಾಗ ಕಿರಿದಾಗುತ್ತ ಹೋಯಿತು. ಕೊನೆಗೆ ಅವನು ಪರದೆಯ ಅಂಚಿನಲ್ಲಿ, ಅರ್ಧ ತೆರೆದ ಬಾಗಿಲಿನ ಆಚೆ ನಿಂತವನಂತೆ ಉಳಿದ. ಕೆಲಸ ನಟ್ಟನಡುವೆ ಬಂದು ಕುಳಿತಿತು. ಅವಳಿಗೆ ಅವನ ಮೇಲೆ ಪ್ರೀತಿ ಕಡಿಮೆಯಾಗಿತ್ತೆಂದಲ್ಲ. ಅವನು ಅಲ್ಲಿದ್ದಾನೆಂಬ ನೆಮ್ಮದಿಯಲ್ಲಿ ಅವನತ್ತ ನೋಡುವುದನ್ನು ಮರೆತಿದ್ದಳು.

ಕರಾರು ಮುಗಿಯುವ ಕಾಲ ಬಂತು. ಅವನು ಬರುತ್ತಾನೆಂದು ಅವಳು ಮನೆಗೆ ಸುಣ್ಣ ಹೊಡೆಸಿದಳು. ಎರಡು ಕುರ್ಚಿ ತಂದಳು. ಅವನಿಗೆ ಇಷ್ಟವಾದ ಮಾವಿನಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟಳು.

ಆ ದಿನಗಳ ಒಂದು ಸಂಜೆ ಅವಳು ಬಾವಿಗಳ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದಳು. ನೆಲದೊಳಗಿನಿಂದ ನೀರು ಒಸರುವ ಜಾಗಕ್ಕೆ ‘ಒರತೆ’ ಎನ್ನಲೇ, ‘ಸೆಲೆ’ ಎನ್ನಲೇ ಎಂದು ಬಹಳ ಹೊತ್ತು ಯೋಚಿಸಿದಳು. ಒಂದನ್ನು ಬರೆದಳು, ಅಳಿಸಿದಳು, ಮತ್ತೆ ಅದನ್ನೇ ಬರೆದಳು. ಅದೇ ಹೊತ್ತಿಗೆ ಅಂಚಿನಲ್ಲಿದ್ದ ಗಂಡ ಕೇಳಿದ:

“ಇಲ್ಲಿ ಇನ್ನೂ ಎರಡು ವರ್ಷ ಇರು ಎನ್ನುತ್ತಿದ್ದಾರೆ. ನಾಳೆ ಹೇಳಬೇಕು. ಇರಲಾ, ಬರಲಾ?”

ಅವಳು ಬರೆದ ಮಾತನ್ನೇ ನೋಡುತ್ತ, “ಇರಲಿ, ಇರಲಿ” ಎಂದಳು.

ಅವನು ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತು ನಕ್ಷೆಯ ಮೇಲೆ ಗೆರೆ ಎಳೆದ. ಆಮೇಲೆ “ನಿದ್ದೆ ಬರುತ್ತಿದೆ” ಎಂದು ಕರೆ ನಿಲ್ಲಿಸಿದ.

ವಾರ ಕಳೆದ ಮೇಲೆ ಅವಳು ಕೇಳಿದಳು: “ಬರುವ ದಿನ ಗೊತ್ತಾಯಿತೇ?”

ಅವನಿಗೆ ಅರ್ಥವಾಗಲಿಲ್ಲ. “ಬರುವುದೆಲ್ಲಿ? ಇರುತ್ತೇನೆಂದು ಒಪ್ಪಿಕೊಂಡೆನಲ್ಲ” ಎಂದ.

ಅವಳ ಕೈ ಅಲ್ಲೇ ನಿಂತಿತು. “ನನ್ನನ್ನು ಒಂದು ಮಾತು ಕೇಳಬಾರದಿತ್ತೇ?” ಎಂದಳು.

“ಕೇಳಿದೆನಲ್ಲ ಕುಮುದಾ. ಬಾ ಎನ್ನುತ್ತೀಯೆಂದೇ ಕೇಳಿದೆ. ನೀನು ನನ್ನ ಕಣ್ಣಲ್ಲಿ ಕಣ್ಣಿಟ್ಟು ‘ಇರಲಿ’ ಎಂದೆ. ಎರಡನೆಯ ಸಲ ಕೇಳುವ ಧೈರ್ಯ ಬರಲಿಲ್ಲ.”

ಅವಳು ನೆನಪು ಮಾಡಿಕೊಂಡಳು. ಏನೂ ನೆನಪಾಗಲಿಲ್ಲ. ಕೇಳಿದ್ದರೆ ತಾನು ಹಾಗೆ ಹೇಳುತ್ತಿರಲಿಲ್ಲ ಎಂದು ಅತ್ತಳು. ಅವನು ನಂಬಲಿಲ್ಲ. ಎದುರಿಗೆ ಕಂಡದ್ದನ್ನು ಸುಳ್ಳು ಎನ್ನುವುದು ಹೇಗೆ? ಅವನ ಬಳಿ ಕೆಲವು ಚಿತ್ರಗಳಿದ್ದವು. ಮಾತಾಡುವಾಗ ಪರದೆಯ ಮೇಲೆ ಕಂಡ ಅವಳ ಮುಖವನ್ನು ಆಗಾಗ ತೆಗೆದಿಟ್ಟುಕೊಳ್ಳುತ್ತಿದ್ದ. ಒಬ್ಬನೇ ಇರುವಾಗ ನೋಡಲು. ಅವುಗಳನ್ನು ಅವಳಿಗೆ ಕಳಿಸಿದ. “ನೋಡು, ಈ ವರ್ಷವೆಲ್ಲ ನೀನು ನನ್ನನ್ನು ಹೇಗೆ ನೋಡುತ್ತಿದ್ದೆ. ಇವುಗಳಿಂದಲೇ ನಾನು ಇಲ್ಲಿ ಬದುಕಿದ್ದೇನೆ. ಹೋದ ವರ್ಷ ಹೀಗಿರಲಿಲ್ಲ. ಆಗ ನಿನ್ನ ಕಣ್ಣು ಯಾವಾಗಲೂ ಪಕ್ಕಕ್ಕೆ ಇರುತ್ತಿತ್ತು. ನನ್ನ ಮೇಲೆ ಬೇಸರವೇನೋ, ಬಿಟ್ಟು ಬಂದದ್ದಕ್ಕೆ ಸಿಟ್ಟೇನೋ ಎಂದು ಕೊರಗುತ್ತಿದ್ದೆ.”

ಅವಳು ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಎಲ್ಲದರಲ್ಲೂ ಅವಳ ಕಣ್ಣು ನೇರವಾಗಿತ್ತು, ಆಳವಾಗಿತ್ತು, ರೆಪ್ಪೆ ಅಲುಗಿರಲಿಲ್ಲ. ಎಂಥವನೂ ಅದನ್ನು ಪ್ರೀತಿ ಎನ್ನುತ್ತಿದ್ದ. ಅವಳಿಗೆ ಮಾತ್ರ ಗೊತ್ತಾಯಿತು. ಒಂದರಲ್ಲಿ ತುಟಿ ಅರ್ಧ ತೆರೆದಿದೆ, ಯಾವುದೋ ಮಾತನ್ನು ಬಾಯಲ್ಲಿ ಹೇಳಿ ನೋಡುತ್ತಿದ್ದಾಳೆ. ಇನ್ನೊಂದರಲ್ಲಿ ಹುಬ್ಬು ಗಂಟಾಗಿದೆ, ವಾಕ್ಯ ಕೂಡಿ ಬಂದಿಲ್ಲ. ಒಂದರಲ್ಲಿ ಸಣ್ಣ ನಗು, ಅದು ಕೂಡಿ ಬಂದ ಗಳಿಗೆ.

ಲ್ಯಾಪ್‌ಟಾಪಿನ ಕ್ಯಾಮೆರಾ ಪರದೆಯ ಮೇಲಂಚಿನಲ್ಲಿ, ನಡುವೆ ಇರುತ್ತದೆ. ಅದರ ಕೆಳಗೆ ಇರುವುದನ್ನು ನೋಡಿದರೆ ಆಚೆಯವರಿಗೆ ತಮ್ಮನ್ನೇ ನೋಡಿದಂತೆ ಕಾಣುತ್ತದೆ. ಅವಳ ಕಣ್ಣು ಪಕ್ಕಕ್ಕೆ ಇದ್ದ ಮೊದಲ ವರ್ಷ ಅವಳು ನೋಡುತ್ತಿದ್ದದ್ದು ಅವನ ಮುಖವನ್ನು. ಕಣ್ಣು ನೇರವಾದ ಎರಡನೆಯ ವರ್ಷ ನೋಡುತ್ತಿದ್ದದ್ದು ನಡುವೆ ಬಂದು ಕುಳಿತ ಕೆಲಸವನ್ನು.

ಇದನ್ನು ಅವನಿಗೆ ಹೇಳುವುದೇ, ಬೇಡವೇ ಎಂದು ಎರಡು ದಿನ ತಡೆದಳು. ಹೇಳದಿದ್ದರೆ ಅವನ ಬಳಿ ಆ ಚಿತ್ರಗಳಾದರೂ ಉಳಿಯುತ್ತವೆ. ಹೇಳಿದರೆ ಅವೂ ಹೋಗುತ್ತವೆ. ಮೂರನೆಯ ದಿನ ಹೇಳಿದಳು. ಅವನು ಮೆಲ್ಲಗೆ ಕೇಳಿದ: “ಹಾಗಾದರೆ ಮೊದಲ ವರ್ಷವೆಲ್ಲ ನೀನು ನನ್ನನ್ನು ನೋಡುತ್ತಿದ್ದೆಯಾ?”

“ಕೆಲಸ ಬಿಟ್ಟು ನೋಡುತ್ತಿದ್ದೆ” ಎಂದಳು ಅವಳು.

“ಅಯ್ಯೋ, ಆ ದಿನಗಳಲ್ಲಿ ನಾನು ಒಂದು ಚಿತ್ರವನ್ನೂ ಇಟ್ಟುಕೊಳ್ಳಲಿಲ್ಲವಲ್ಲ” ಎಂದ ಅವನು.

ಆ ಸಂಜೆ ಅವಳು ಕೈಪಿಡಿಯನ್ನು ಮುಚ್ಚಿದಳು. ನಡುವಿನ ಗೆರೆಯನ್ನು ತೆಗೆದು ಪರದೆಯ ತುಂಬ ಅವನೊಬ್ಬನನ್ನೇ ಇಟ್ಟಳು. ಎಷ್ಟೋ ದಿನದ ಮೇಲೆ ಅವನ ಮುಖ ದೊಡ್ಡದಾಗಿ ಕಂಡಿತು. ಕಿವಿಯ ಹತ್ತಿರ ಕೂದಲು ನರೆತಿತ್ತು. ಅದು ಯಾವಾಗ ನರೆಯಿತೋ ಅವಳಿಗೆ ಗೊತ್ತಿರಲಿಲ್ಲ.

“ಈಗ ನಿಮ್ಮನ್ನೇ ನೋಡುತ್ತಿದ್ದೇನೆ” ಎಂದಳು.

“ಕಣ್ಣು ಕೆಳಗೆ ಹಾಕಿದ ಹಾಗೆ ಕಾಣುತ್ತಿದೆ” ಎಂದ ಅವನು.

ಅವಳು ಕಣ್ಣೆತ್ತಿ ಕ್ಯಾಮೆರಾದ ಸಣ್ಣ ಚುಕ್ಕೆಯನ್ನು ನೋಡಿದಳು. “ಹಾಂ, ಈಗ ನೀನು ನನ್ನನ್ನು ನೋಡಿದೆ” ಎಂದು ಅವನು ಹಿಗ್ಗಿದ. ಆ ಹಿಗ್ಗು ಅವಳಿಗೆ ಕೇಳಿಸಿತು, ಕಾಣಲಿಲ್ಲ. ಕಾಣಲೆಂದು ಕಣ್ಣಿಳಿಸಿದರೆ ಅವನಿಗೆ ಅವಳ ನೋಟ ಹೋಗುತ್ತಿತ್ತು. ಅವನು ಚುಕ್ಕೆಯನ್ನು ನೋಡಿದರೆ ಅವನ ಪಾಡೂ ಅದೇ. ಒಬ್ಬರಿಗೆ ನೋಟ ಕೊಡಬೇಕಾದರೆ ತಮ್ಮ ನೋಟ ಬಿಡಬೇಕು. ಇಬ್ಬರೂ ಒಟ್ಟಿಗೆ ನೋಡಿಕೊಳ್ಳಲು ಆ ಯಂತ್ರದಲ್ಲಿ ದಾರಿಯಿಲ್ಲ.

ಅವರು ಒಂದು ಒಪ್ಪಂದಕ್ಕೆ ಬಂದರು. ಸಂಜೆ ಮಾತು ಮುಗಿದ ಮೇಲೆ ಮೊದಲು ಅವಳು ಚುಕ್ಕೆಯನ್ನು ನೋಡುವುದು, ಅವನು ಅವಳನ್ನು ನೋಡುವುದು. ಆಮೇಲೆ ಅವನು ಚುಕ್ಕೆಯನ್ನು ನೋಡುವುದು, ಅವಳು ಅವನನ್ನು ನೋಡುವುದು. ತನ್ನ ಸರದಿಯಲ್ಲಿ ಅವಳು ಏನನ್ನೂ ಕಾಣದೆ, ಆಚೆ ಅವನಿದ್ದಾನೆ, ನೋಡುತ್ತಿದ್ದಾನೆ ಎಂಬ ನಂಬಿಕೆಯ ಮೇಲೆ ಕುಳಿತಿರುತ್ತಿದ್ದಳು. ಹಗಲು ಕೈಪಿಡಿಗಳ ಕೆಲಸ ಎಂದಿನಂತೆ ನಡೆಯುತ್ತಿತ್ತು. ಕರೆ ಬಂದಾಗ ಮಾತ್ರ ಅದನ್ನು ಮುಚ್ಚುತ್ತಿದ್ದಳು. ಕೊಟ್ಟ ಮಾತನ್ನು ಅವನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಹೀಗೆಯೇ ಆ ಎರಡು ವರ್ಷ ಕಳೆದವು. ಮಾವಿನಮಿಡಿ ಎರಡು ಸಲ ಬದಲಾಯಿತು.

ಕೊನೆಗೆ ಅವನು ಬಂದ. ಚೀಲ ಒಳಗಿಟ್ಟು, ಕೈಕಾಲು ತೊಳೆದು, ಕುರ್ಚಿಯಲ್ಲಿ ಕುಳಿತ. ಅವಳು ಎದುರಿನ ಕುರ್ಚಿಯಲ್ಲಿ ಕುಳಿತಳು. ಅವಳು ಅವನತ್ತ ಮುಖವೆತ್ತಿ ಬಹಳ ಹೊತ್ತು ನೋಡಿದಳು. ಅವನು ಕೈ ಚಾಚಿ ಅವಳ ಗಲ್ಲವನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದ.

“ನನ್ನ ನೆತ್ತಿಯ ಮೇಲೆ ಏನು ನೋಡುತ್ತಿದ್ದೀ? ಸ್ವಲ್ಪ ಕೆಳಗೆ ನೋಡು. ಇಲ್ಲಿದ್ದೇನೆ.”

ಗುರುಗಳು ಕತೆ ನಿಲ್ಲಿಸಿದರು.

ಪರ್ವತಯ್ಯ ಕೇಳಿದ: “ಗುರುಗಳೇ, ಕಳೆದುಹೋದ ಆ ಎರಡು ವರ್ಷಗಳ ತಪ್ಪು ಯಾರದು? ಕೇಳಿಸಿಕೊಳ್ಳದ ಅವಳದೋ, ಮತ್ತೆ ಕೇಳದ ಅವನದೋ?”

ಗುರುಗಳು ಹೇಳಿದರು: “ತಪ್ಪು ಯಾರದೆಂಬುದು ಇರಲಿ, ಕತೆ ಕೇಳುವಾಗ ನಿನ್ನ ಕಣ್ಣೆದುರು ಬಂದು ನಿಂತ ಮುಖ ಯಾರದು?”