ದೋಣಿಯೇರಿದ ಧಣಿ

ಹೊನ್ನಾವರದ ವಾಮನ ಶಾನಭಾಗರಿಗೆ ಹೊಸ ದೋಣಿ ಬಂತು. ಅದನ್ನು ಹೊರುವ ಟ್ರೇಲರ್ ಮಾತ್ರ ಹಳೆಯದು. ಗಾಲಿಯ ಮೇಲೆ ಕುಲುಕಾಟ ತಡೆಯುವ ಕಮಾನು ಪಟ್ಟಿಗಳು, ಅಂದರೆ ಸ್ಪ್ರಿಂಗುಗಳು, ಸವೆದು ಚಪ್ಪಟೆಯಾಗಿದ್ದವು.

"ಪಟ್ಟಿ ಬದಲಾಯಿಸದೆ ಎಳೆದರೆ ದೋಣಿಗೇ ಪೆಟ್ಟು, ಧಣಿ," ಎಂದ ಜೀಪಿನ ಡ್ರೈವರ್ ಪುಂಡಲೀಕ.

"ನನಗೇ ಬುದ್ಧಿ ಹೇಳ್ತೀಯಾ? ಇವತ್ತೇ ದೋಣಿ ನೀರಿಗಿಳೀಬೇಕು. ಇಲ್ಲಾಂದ್ರೆ ನಾಳೆಯಿಂದ ಬರಬೇಡ!"

ಪುಂಡಲೀಕ ಕೈಮುಗಿದ. "ಹಾಗಾದ್ರೆ ನೀವು ದೋಣಿಯಲ್ಲೇ ಕೂತು ಬನ್ನಿ. ಪೇಟೆಯವರೆಲ್ಲ ನೋಡ್ಲಿ."

ಧಣಿ ಹಿಗ್ಗಿ, ಶಾಲು ಹೊದ್ದು, ದೋಣಿಯೊಳಗೆ ಕೂತರು. ಜೀಪು ನಿಧಾನವಾಗಿಯೇ ಹೊರಟಿತು. ಮೊದಲ ಗುಂಡಿಗೆ ಶಾಲು ಹಾರಿತು. ಮುಂದಿನದಕ್ಕೆ ಧಣಿಯೇ ಹಾರಿ ದೋಣಿಯ ತಳಕ್ಕೆ ಬಿದ್ದರು.

"ನಿಲ್ಸೋ! ಮೊದಲು ಪಟ್ಟಿ ಹಾಕಿಸೋ!"

"ಆಯ್ತು ಧಣಿ. ಗ್ಯಾರೇಜು ಇಲ್ಲೇ ಮುಂದಿದೆ, ಅಲ್ಲಿವರೆಗೆ ಕೂತಿರಿ."

"ಬೇಡ ಮಾರಾಯ," ಎಂದು ಧಣಿ ಸೊಂಟ ಹಿಡಿದುಕೊಂಡು ಇಳಿದರು. "ನಾನು ನಡೆದೇ ಬರ್ತೇನೆ."